ರಾಹೇಲವ್ವನ ಮನೆಗೆ ನರಕ ಒಯ್ದವನು

ಹೊಳೆಯ ಈಚೆ ಊರು, ಊರಿನ ನಡುವೆ ಚರ್ಚು. ಹೊಳೆಯ ಆಚೆ ಹನೋಕಪ್ಪಜ್ಜನ ಗುಡಿಸಲು.

ಅಜ್ಜ ಮೂವತ್ತು ವರ್ಷ ಆ ಚರ್ಚಿನ ಉಪದೇಶಿಯಾಗಿದ್ದ. ಮಕ್ಕಳಿಗೆ ಸತ್ಯವೇದ ಕಲಿಸಿದ. ರೋಗಿಗಳ ಪಕ್ಕ ಕೂತು ಪ್ರಾರ್ಥಿಸಿದ. ಸಭಾಪಾಲಕರು ಊರಲ್ಲಿಲ್ಲದ ಭಾನುವಾರ ಪ್ರಸಂಗ ಮಾಡಿದ. ಸಭಾಪಾಲಕರನ್ನು ಅಲ್ಲಿ ಅಯ್ಯನವರು ಎನ್ನುತ್ತಾರೆ.

ಅಂಥ ಒಂದು ಭಾನುವಾರ ಅಜ್ಜ ಹೇಳಿದ: “ನರಕ ಒಂದಿನ ಖಾಲಿ ಆಗ್ತೈತಿ. ಕಡೀ ಮನುಷ್ಯಾ ಹೊರಗ ಬರೂತನಕ ದೇವರು ಅದರ ಬಾಗಲದಾಗ ನಿಂತಿರ್ತಾನ.”

ಮುಂದಿನ ಭಾನುವಾರದ ಹೊತ್ತಿಗೆ ಪ್ರಸಂಗಪೀಠವನ್ನು ಅವನಿಂದ ಕಸಿದುಕೊಂಡಿದ್ದರು. ಬೆಂಚು ಕಸಿದುಕೊಳ್ಳುವುದನ್ನು ಮರೆತಿದ್ದರು. ಅಂದಿನಿಂದ ಪ್ರತಿ ಭಾನುವಾರ ಅಜ್ಜ ಹೊಳೆ ದಾಟಿ ಬಂದು ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ.

ಉಳಿದ ದಿನಗಳಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಕೇಳುವುದಿದ್ದವರು ಅಲ್ಲಿಗೆ ಹೋಗುತ್ತಿದ್ದರು.

ಒಂದು ಬುಧವಾರ ಬೆಳಿಗ್ಗೆ ನತಾನಿಯೇಲ ಬಂದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಚರ್ಚಿನಲ್ಲಿ ಸಂಡೇ ಸ್ಕೂಲ್ ಮಾಸ್ತರ. ಅಜ್ಜ ಕಲಿಸಿದ್ದನ್ನು ಪೂರ್ತಿ ನಂಬಿದವನು ಅವನೊಬ್ಬನೇ. ಪೂರ್ತಿ ದನಿ ಎತ್ತಿ ಹೇಳುವವನೂ ಅವನೊಬ್ಬನೇ.

“ಅಜ್ಜಾರ, ನಾ ಚರ್ಚ್ ಬಿಡ್ತೀನ್ರಿ.”

ಅಜ್ಜ ಹಗ್ಗದ ಒಂದು ತುದಿಯನ್ನು ಅವನ ಕೈಗೆ ಕೊಟ್ಟ. “ಹಿಡಿ. ಈಗ ಹೇಳು.”

ಆದದ್ದು ಇಷ್ಟು.

ಗೌಂಡಿ ದ್ಯಾಮಣ್ಣ ಸತ್ತಿದ್ದ. ಅವನ ಹೆಂಡತಿ ರಾಹೇಲವ್ವ ಚರ್ಚಿನವಳು. ದ್ಯಾಮಣ್ಣ ಇಪ್ಪತ್ತಾರು ವರ್ಷ ಅವಳ ಜೊತೆ ಚರ್ಚಿಗೆ ಬಂದ, ಕೀರ್ತನೆ ಹಾಡಿದ. ಚರ್ಚಿನ ಸ್ಮಶಾನದಲ್ಲಿ ಮಳೆಗೆ ಬಿದ್ದುಹೋದ ಗೋಡೆಯನ್ನು ಒಬ್ಬನೇ ನಿಂತು ಮತ್ತೆ ಎಬ್ಬಿಸಿದ. ದೀಕ್ಷಾಸ್ನಾನ ಮಾತ್ರ ಪಡೆಯಲಿಲ್ಲ. ಕಾಗದದ ಮೇಲೆ ಕ್ರೈಸ್ತನಾದರೆ ಮಕ್ಕಳ ಜಾತಿ ಸರ್ಟಿಫಿಕೇಟ್ ಹೋಗುತ್ತದೆ, ಸರ್ಟಿಫಿಕೇಟ್ ಹೋದರೆ ಹಾಸ್ಟೆಲ್ ಹೋಗುತ್ತದೆ, ಹಾಸ್ಟೆಲ್ ಹೋದರೆ ಓದು ಹೋಗುತ್ತದೆ ಎಂದು ಹೆದರಿದ್ದ. ಇದು ಅಯ್ಯನವರಿಗೆ ಗೊತ್ತಿತ್ತು. ಸಭೆಯ ಕಮಿಟಿಗೂ ಗೊತ್ತಿತ್ತು. ಗೊತ್ತಿದ್ದೇ ಅವನ ಕೈಯಲ್ಲಿ ಗೋಡೆ ಕಟ್ಟಿಸಿಕೊಂಡರು.

ಅವನು ಸತ್ತಾಗ, ದೀಕ್ಷೆ ಇಲ್ಲದವನಿಗೆ ಗೋಡೆಯ ಒಳಗೆ ಜಾಗವಿಲ್ಲ ಎಂದರು.

ಅವನ ಕುಲದವರು, ಪಾದ್ರಿಗಳ ಹಿಂದೆ ಹೋದವನಿಗೆ ನಮ್ಮಲ್ಲಿ ಜಾಗವಿಲ್ಲ ಎಂದರು.

ಎರಡೂ ಕಡೆಯವರು ದೇವರ ಹೆಸರು ಹೇಳುವವರೇ. ಆರಡಿ ಮಣ್ಣು ಕೊಡಲು ಒಬ್ಬನೂ ಮುಂದೆ ಬರಲಿಲ್ಲ. ಹೊಳೆಯ ಆಚೆ ದಂಡೆಯ ಸರ್ಕಾರಿ ಜಾಗದಲ್ಲಿ, ಜಾಲಿ ಗಿಡದ ಕೆಳಗೆ ದ್ಯಾಮಣ್ಣನನ್ನು ಮಣ್ಣು ಮಾಡಿದರು.

ಆ ವಾರದ ಭಾನುವಾರ ಅಯ್ಯನವರು ನರಕದ ಆರದ ಬೆಂಕಿಯ ಬಗ್ಗೆ ಪ್ರಸಂಗ ಮಾಡಿದರು. ದ್ಯಾಮಣ್ಣನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನತಾನಿಯೇಲ ಪ್ರಸಂಗದ ನಡುವೆ ಎದ್ದು ನಿಂತು “ಸುಳ್ಳು!” ಎಂದು ಕೂಗಿದ.

ಮಂಗಳವಾರ ಕಮಿಟಿ ಸೇರಿತು. ಬರುವ ಭಾನುವಾರ ಕರ್ತನ ಭೋಜನ, ಸದಸ್ಯರು ರೊಟ್ಟಿ ಮುರಿದು ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಅದಕ್ಕೆ ಮುಂಚೆ ನತಾನಿಯೇಲ ಸಭೆಯ ಮುಂದೆ ನಿಂತು ಕಮಿಟಿ ಬರೆದುಕೊಟ್ಟ ಕಾಗದ ಓದಬೇಕು: ನಾನು ಆಡಿದ್ದು ತಪ್ಪು, ನರಕ ಇದೆ, ಅದು ಎಂದೆಂದಿಗೂ ಇದೆ. ಓದದಿದ್ದರೆ ಸದಸ್ಯರ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ರೊಟ್ಟಿ ಇಲ್ಲ, ಪಾತ್ರೆ ಇಲ್ಲ, ಸಂಡೇ ಸ್ಕೂಲೂ ಇಲ್ಲ. ಅವನ ಮುತ್ತಜ್ಜನ ಕಾಲದಿಂದ ಆ ಪಟ್ಟಿಯಲ್ಲಿ ಆ ಮನೆಯ ಹೆಸರಿತ್ತು.

“ಏಳು ಮನಿ ನನ್ನ ಜೋಡಿ ಬರ್ತಾವ್ರಿ,” ಎಂದ ನತಾನಿಯೇಲ. “ಡಿಪೋ ಹಿಂದ ಒಂದು ತಗಡಿನ ಶೆಡ್ ನೋಡೀವಿ. ಬೋರ್ಡೂ ಬರಸೀವಿ. ನೀವು ಬಂದು ಪ್ರಸಂಗ ಮಾಡ್ರಿ. ಅವರು ಕಸಗೊಂಡ ಪೀಠ ನಾವು ಕೊಡ್ತೀವಿ.”

“ಭಾಳ ಛಲೋ ಆತು. ಮರಳಾಗ ಬರದು ತೋರಸು. ಬಾಗಲ ಎಲ್ಲಿ, ಬೆಂಚ್ ಎಲ್ಲಿ?”

ನತಾನಿಯೇಲ ಒಂದು ಕಡ್ಡಿ ತೆಗೆದುಕೊಂಡು ಮರಳಿನಲ್ಲಿ ನಾಲ್ಕು ಗೆರೆ ಎಳೆದ.

“ನರಕ ಐತಿ ಅನ್ನೋರು ಎಲ್ಲಿ ಕುಂಡರ್ತಾರ?” ಅಜ್ಜ ಕೇಳಿದ.

“ಅಂಥವರಿಗೆ ಇಲ್ಲಿ ಜಾಗ ಇಲ್ರಿ.”

“ನಿಮ್ಮವ್ವ ನಂಬ್ತಾಳೋ ಇಲ್ಲೋ?”

“ನಂಬ್ತಾಳ್ರಿ. ಸಣ್ಣಾಂವ ಇದ್ದಾಗ ಅದನ್ನ ಹೇಳಿ ಹೆದರಿಸೇ ಉಣಸ್ತಿದ್ಲು.”

“ಅಕಿನ್ನ ಎಲ್ಲಿ ಕುಂಡ್ರಸ್ತಿ?”

ನತಾನಿಯೇಲ ಗೆರೆಗಳನ್ನು ನೋಡಿದ. ಬಾಗಿಲ ಗೆರೆಯ ಹೊರಗೆ ಕಡ್ಡಿ ಊರಿದ.

“ಬಾಗಲದ ಹೊರಗ. ನೆರಳಿಗೆ.”

“ನೆರಳರ ಕೊಟ್ಟಿ. ಅಯ್ನೋರಕಿಂತ ನೀನ ಪಾಡ.”

ನತಾನಿಯೇಲ ಗೆರೆಗಳನ್ನು ಕಾಲಿನಿಂದ ಅಳಿಸಿಹಾಕಿದ. ಕಿವಿ ಕೆಂಪಾಗಿತ್ತು.

“ನಿಮ್ಮನ್ನ ಅಷ್ಟು ಅವಮಾನ ಮಾಡಿದ್ರು. ನೀವ್ಯಾಕ ಬಿಡಲಿಲ್ಲ?”

“ನನ್ನನ್ನ ಹೊರಗ ಹಾಕೂದು ಅವರ ಕೆಲಸ. ಅವರ ಕೆಲಸ ನಾ ಯಾಕ ಮಾಡಿ ಕೊಡ್ಲಿ?”

“ಹಂಗಾರ ಬಾಯಿ ಮುಚಗೊಂಡು ಕುಂಡ್ರೂದೇನ್ರಿ?”

“ನಾ ಬಾಯಿ ಮುಚಗೊಂಡೀನಿ ಅಂತ ನಿನಗ ಯಾರು ಹೇಳಿದ್ರು? ಮನಿಗೆ ಬಂದು ಕೇಳಿದವರಿಗೆಲ್ಲಾ ಹೇಳೀನಿ. ಅಯ್ನೋರ ಮುಂದೂ ಹೇಳೀನಿ. ನಾ ಹೋಗಿ ಕುಂತ್ರ ಅವರು ಪೀಠದ ಮ್ಯಾಲ ಮೂರು ಸಲ ನೀರು ಕುಡೀತಾರ, ನೋಡಿಲ್ಲೇನು?”

ನತಾನಿಯೇಲ ನಕ್ಕ. ಅಜ್ಜ ನಗಲಿಲ್ಲ.

“ದ್ಯಾಮಣ್ಣನ ಹೆಣ ಹೊರೂವಾಗ ನೀ ಎಲ್ಲಿದ್ದಿ?”

“ಬಿಷಪ್ಪರಿಗೆ ಪತ್ರ ಬರಿಯಾಕತ್ತಿದ್ದೆರಿ. ಐದು ಪುಟ. ಒಂದು ಮಾತೂ ಬಿಟ್ಟಿಲ್ಲ, ಎಲ್ಲಾ ಬರದೀನಿ.”

“ನಾವು ಮೂರ ಮಂದಿ ಇದ್ವಿ, ನಾನು, ಹಾಸ್ಟೆಲ್ಲಿನಿಂದ ಬಂದ ಅವನ ಇಬ್ಬರು ಹುಡುಗರು. ನಾಕನೇ ಹೆಗಲ ಬೇಕಾಗಿತ್ತು. ಭಾಳ ಹೊತ್ತು ದಾರಿ ನೋಡಿದ್ವಿ.”

“ಕಡೀಗೆ ಯಾರು ಹೊತ್ರು?”

“ರಾಹೇಲವ್ವ.”

ನತಾನಿಯೇಲನ ಕೈಯಲ್ಲಿದ್ದ ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು.

ಅದನ್ನು ಎತ್ತಿಕೊಳ್ಳುತ್ತ ಹೇಳಿದ: “ಆಮ್ಯಾಲ ನಾ ಅಕಿ ಮನಿಗೆ ಹೋಗಿದ್ದೆರಿ. ರವಿವಾರ ಚರ್ಚಿನಿಂದ ಸೀದಾ ಅಲ್ಲಿಗೇ ಹೋದೆ. ಎರಡು ತಾಸು ಕುಂತು ಸತ್ಯವೇದದ ವಚನ ತಗದು ತಗದು ಓದಿದೆ. ಹದಿನೆಂಟು ವಚನ. ದ್ಯಾಮಣ್ಣ ನರಕದಾಗ ಇಲ್ಲ ಅಂತ ಸಿದ್ಧ ಮಾಡಿ ತೋರಿಸಿ ಬಂದೆ.”

“ಅಕಿ ಏನು ಮಾಡಿದ್ಲು?”

“ಅತ್ಲು.”

“ಏನು ಕೇಳಿದ್ಲು?”

“ಏನೂ ಕೇಳಲಿಲ್ರಿ.”

“ಮತ್ತ ಯಾರು ಕೇಳಿದ್ದಕ್ಕ ಅಷ್ಟು ಉತ್ತರ ಕೊಟ್ಟಿ?”

ಅಜ್ಜ ಹಗ್ಗದ ತುದಿಯನ್ನು ಅವನ ಕೈಯಿಂದ ತೆಗೆದುಕೊಂಡ.

“ಹೋಗು,” ಎಂದ ಅಜ್ಜ. “ನೀ ಆ ವಚನ ಓದೂಕಿಂತ ಮೊದಲು ಅಕಿ ಗಂಡ ಎಲ್ಲಿದ್ದ ಅಂತ ಅಕಿನ್ನ ಕೇಳಿ ಬಾ.”

ರಾಹೇಲವ್ವ ಬಾಗಿಲ ಬಳಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದೇ ಕೈಯಲ್ಲಿ ಮಾಡುತ್ತಿದ್ದಳು. ಎಡ ಹೆಗಲು ಮೇಲೆ ಏಳುತ್ತಿರಲಿಲ್ಲ. ಚಟ್ಟದ ಬಿದಿರು ಕೂತ ಜಾಗ ಇನ್ನೂ ಕಪ್ಪಗಿತ್ತು.

ಅವಳು ತಲೆ ಎತ್ತಿ ನೋಡಿದಳು. “ಮತ್ತ ಪುಸ್ತಕ ತಂದಿಯೇನಪ್ಪಾ?”

“ಇಲ್ಲ ಚಿಕ್ಕವ್ವಾ. ಒಂದು ಮಾತು ಕೇಳೂದಿತ್ತು. ಅವತ್ತ ನಾ ಬರೂಕಿಂತ ಮೊದಲು ದ್ಯಾಮಣ್ಣ ಎಲ್ಲಿದ್ದ?”

“ಇದೇನು ಕೇಳ್ತಿ? ದೇವರ ಹತ್ರ ಇದ್ದ. ಮತ್ತೆಲ್ಲಿರ್ತಾನ?”

ಮೊರವನ್ನು ಕೆಳಗಿಟ್ಟಳು.

“ಗ್ವಾಡಿ ಒಳಗ ಬಿಡಲಿಲ್ಲ ಅಂತ ಸಿಟ್ಟು ಬಂದಿತ್ತು ನನಗ. ಇನ್ನೂ ಐತಿ. ಆದರ ಅಂವ ಎಲ್ಲಿ ಅದಾನ ಅನ್ನೂದು ಗೊತ್ತಿತ್ತು. ರೊಟ್ಟಿ ಬಡಿಯೂವಾಗ ಅವನ ಜೋಡಿ ಮಾತಾಡ್ತಿದ್ದೆ. ಉಪ್ಪು ಹೆಚ್ಚಾಗೇತಿ ಅಂತಿದ್ದ. ಸತ್ತ ಮ್ಯಾಲೂ ನಿಂದು ಇದ ಕಟಕಟಿ ಅಂತಿದ್ದೆ.”

“ಆದರ ಅಯ್ನೋರು ರವಿವಾರ ಬೆಂಕಿ ಬಗ್ಗೆ...”

“ಅಯ್ನೋರು ಏನಂದ್ರೋ ನನಗೇನು ಗೊತ್ತು? ನಾ ಅವತ್ತ ಚರ್ಚಿಗೆ ಬಂದಿದ್ನೇನು? ಗಂಡ ಸತ್ತು ಮನ್ಯಾಗ ಕುಂತಿದ್ದೆ. ನರಕದ ಸುದ್ದಿ ಈ ಮನಿಗೆ ತಂದಾಂವ ನೀನು.”

ನತಾನಿಯೇಲ ಅವಳ ಎದುರು ನೆಲದ ಮೇಲೆ ಕೂತ.

“ಇಲ್ಲ, ಇಲ್ಲ ಅಂತ ಹದಿನೆಂಟು ಸಲ ಓದಿದಿ. ಇಲ್ಲದ್ದಕ್ಕ ಅಷ್ಟ್ಯಾಕ ಓದಬೇಕು, ಏನರ ಇದ್ದೀತು ಅಂತ ಅವತ್ತಿನಿಂದ ಎದಿ ಬಡಕೋತೈತಿ. ಈಗ ರೊಟ್ಟಿ ಮಾಡಾಕ ಕುಂತ್ರ ಒಲಿಯಾಗಿನ ಬೆಂಕಿ ನೋಡಾಕ ಆಗವಲ್ಲದು ನನಗ.”

ಅವನಿಗೆ ಹತ್ತೊಂಬತ್ತನೇ ವಚನ ನೆನಪಾಗಲಿಲ್ಲ. ರಾಹೇಲವ್ವ ಮತ್ತೆ ಮೊರ ಎತ್ತಿಕೊಂಡಳು.

ಗುರುವಾರ ಅವನು ಹೊಳೆ ದಾಟಿ ಬಂದು ರಾಹೇಲವ್ವ ಹೇಳಿದ್ದನ್ನೆಲ್ಲ ಅಜ್ಜನಿಗೆ ಹೇಳಿದ.

“ಕಮಿಟಿ ಕಾಗದ ಓದ್ತೀನ್ರಿ ಅಜ್ಜಾರ. ತಪ್ಪಾತು ಅಂತೀನಿ. ಇನ್ನ ಮ್ಯಾಲ ಈ ಮಾತು ಎಲ್ಲೂ ಎತ್ತೂದಿಲ್ಲ.”

ಅಜ್ಜ ಹಗ್ಗ ಬಿಸಾಡಿ ಎದ್ದು ನಿಂತ.

“ಅಕಿನ್ನ ಒಮ್ಮೆ ಸುಟ್ಟದ್ದು ಸಾಲದೇನೋ ನಿನಗ? ನರಕ ಐತಿ, ಎಂದೆಂದಿಗೂ ಐತಿ ಅಂತ ನೀನ ನಿಂತು ಓದಿದ್ರ ಅಕಿ ಏನು ತಿಳಕೋಬೇಕು? ಹದಿನೆಂಟು ವಚನ ಬಲ್ಲಾಂವನೂ ಕಡೀಗೆ ಒಪ್ಪಿಕೊಂಡ ಅಂತ ತಿಳಕೋಬೇಕೇನು?”

“ಹಂಗಾರ ಬಿಟ್ಟು ಹೋಗ್ತೀನಿ.”

“ಹೋಗು. ಅಕಿ ಅಲ್ಲೇ ಇರ್ತಾಳ. ಅಕಿ ಕಿವಿಯೊಳಗ ಅಯ್ನೋರ ದನಿ ಒಂದ ಉಳೀತೈತಿ.”

“ಓದಿದ್ರೂ ತಪ್ಪು, ಬಿಟ್ಟರೂ ತಪ್ಪು! ನಾ ಏನು ಮಾಡ್ಲಿ?”

“ತಪ್ಪು ಯಾರಿಗೆ ಮಾಡೀದಿ?”

“ರಾಹೇಲವ್ವಗ.”

“ಮತ್ತ ಗೊತ್ತೈತಲ್ಲ,” ಎಂದು ಅಜ್ಜ ಬೆನ್ನು ತಿರುಗಿಸಿದ.

ಶನಿವಾರ ಕಮಿಟಿಯ ಕಾರ್ಯದರ್ಶಿ ಮನಶ್ಶೆಪ್ಪ ಕಾಗದ ಹಿಡಿದುಕೊಂಡು ಡಿಪೋಗೇ ಬಂದ. ಕೆಟ್ಟ ಮನುಷ್ಯನಲ್ಲ. 

“ಐದು ಸಾಲು ಅದಾವೋ ತಮ್ಮಾ. ಓದಿ ಕೈ ತೊಳಕೊ. ರವಿವಾರ ಎಲ್ಲಾರೂ ಕೂಡಿ ವಿಶ್ವಾಸ ಪ್ರಮಾಣ ಹೇಳೂವಾಗ ನಾನೂ ಒಂದು ಸಾಲು ನುಂಗ್ತೀನಿ. ಇಪ್ಪತ್ತು ವರ್ಷ ಆತು. ಬರೇ ತುಟಿ ಅಲುಗಾಡಸ್ತೀನಿ. ಯಾವ ಮಗನಿಗೂ ಗೊತ್ತಾಗಿಲ್ಲ.”

“ಯಾವ ಸಾಲ್ರಿ?”

“ಅದನ್ನ ನಿನಗ ಹೇಳಿದ್ರ ಇಪ್ಪತ್ತು ವರ್ಷ ನುಂಗಿದ್ದು ಏನು ಬಂತು?”

“ನಿದ್ದಿ ಬರ್ತೈತೇನ್ರಿ?”

“ಭಾಳ ಛಲೋ ಬರ್ತೈತಿ,” ಎಂದ ಮನಶ್ಶೆಪ್ಪ. ಕಾಗದ ಕೊಟ್ಟು ಹೋದ.

ಭಾನುವಾರ ಚರ್ಚು ತುಂಬಿತ್ತು. ಬಲಗಡೆ ಗಂಡಸರು, ಎಡಗಡೆ ಹೆಂಗಸರು. ಗಂಡ ಸತ್ತ ಮೇಲೆ ರಾಹೇಲವ್ವ ಚರ್ಚಿಗೆ ಬಂದದ್ದು ಅದೇ ಮೊದಲು. ಎರಡು ಸಾಲು ಹಿಂದೆ ನತಾನಿಯೇಲನ ತಾಯಿ ಇದ್ದಳು.

ಅಯ್ಯನವರು ಅವನ ಹೆಸರು ಕರೆದರು. ನತಾನಿಯೇಲ ಮುಂದೆ ಬಂದ. ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಅಯ್ಯನವರ ಕಡೆ ನೋಡಲಿಲ್ಲ. ಹೆಂಗಸರ ಕಡೆ ತಿರುಗಿದ.

“ಚಿಕ್ಕವ್ವಾ, ನಾ ನಿನಗ ತಪ್ಪು ಮಾಡೀನಿ. ದ್ಯಾಮಣ್ಣಗ ಹೆಗಲು ಕೊಡಾಕ ಬರಲಿಲ್ಲ. ಆಮ್ಯಾಲ ಬಂದು, ನೀ ಕೇಳಲಾರದ ಮಾತು ಎರಡು ತಾಸು ಆಡಿದೆ. ಅಯ್ನೋರ ಮ್ಯಾಲಿನ ಸಿಟ್ಟು ತಂದು ನಿನ್ನ ಮನ್ಯಾಗ ಸುರುವಿದೆ. ಕ್ಷಮಿಸು.”

ಚರ್ಚಿನಲ್ಲಿ ಗುಜುಗುಜು ಎದ್ದಿತು.

“ಕಾಗದದಾಗ ಇದು ಇಲ್ಲ,” ಎಂದ ಮನಶ್ಶೆಪ್ಪ.

“ಇಲ್ರಿ. ಇದನ್ನ ಬರೀಬೇಕು ಅಂತ ನಿಮಗ ಹೊಳೀಲಿಲ್ಲ.”

ಅಯ್ಯನವರು ಕೈ ಎತ್ತಿದರು. ಎಲ್ಲರೂ ಸುಮ್ಮನಾದರು.

“ನತಾನಿಯೇಲ, ಒಂದ ಮಾತು ಹೇಳು. ಎಂದೆಂದಿಗೂ ಇರೋ ನರಕ ಐತೋ, ಇಲ್ಲೋ?”

ಈ ಸಲ ಅವನು ಕೂಗಲಿಲ್ಲ.

“ದೇವರು ಒಬ್ಬರನ್ನೂ ಕಡೀತನಕ ಹೊರಗ ಬಿಡೂದಿಲ್ರಿ. ಒಬ್ಬರನ್ನೂ. ಕಡೀಗೆ ಎಲ್ಲಾರೂ ಆತನ ಮನ್ಯಾಗ ಇರ್ತಾರ. ನಾ ಇದನ್ನ ನಂಬೀನಿ.”

ಅಯ್ಯನವರು ಸದಸ್ಯರ ಪಟ್ಟಿ ತರಿಸಿದರು. ಪೆನ್ನನ್ನು ಮನಶ್ಶೆಪ್ಪನ ಕೈಗೆ ಕೊಟ್ಟರು. ಮನಶ್ಶೆಪ್ಪ ಅಯ್ಯನವರ ಮುಖ ನೋಡಿದ, ನತಾನಿಯೇಲನ ಮುಖ ನೋಡಿದ. ಬಗ್ಗಿ ಹೆಸರಿನ ಮೇಲೆ ಗೆರೆ ಎಳೆದ. ಅವನ ತುಟಿಗಳು ಅಲುಗಾಡುತ್ತಿದ್ದವು.

ಹೆಂಗಸರ ಸಾಲಿನಲ್ಲಿ ನತಾನಿಯೇಲನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭೋಜನ ಶುರುವಾಯಿತು. ಸಾಲು ಸಾಲಾಗಿ ಜನ ಎದ್ದು ಹೋಗಿ ಮೊಣಕಾಲೂರಿದರು. ರೊಟ್ಟಿ ತಿಂದರು, ಪಾತ್ರೆಯಿಂದ ಕುಡಿದರು. ನತಾನಿಯೇಲ ಖಾಲಿ ಬೆಂಚಿನಲ್ಲಿ ಒಬ್ಬನೇ ಕೂತಿದ್ದ.

ರಾಹೇಲವ್ವನೂ ಹೋಗಿ ತಿಂದಳು, ಕುಡಿದಳು. ತಿರುಗಿ ಬರುವಾಗ ಎಡಗಡೆಗೆ ಹೋಗಲಿಲ್ಲ. ಗಂಡಸರ ಸಾಲು ದಾಟಿ ಬಂದು ನತಾನಿಯೇಲನ ಪಕ್ಕದಲ್ಲಿ ಕೂತಳು. ಹೆಂಗಸೊಬ್ಬಳು ಆ ಕಡೆ ಕೂತದ್ದನ್ನು ಆ ಚರ್ಚು ಕಂಡಿರಲಿಲ್ಲ.

“ಅಂವ ಮೊದಲಿದ್ದಲ್ಲೇ ಅದಾನ,” ಎಂದಳು ಮೆಲ್ಲಗೆ. “ನೀ ಕಾಳಜಿ ಮಾಡಬ್ಯಾಡ.”

ಅವಳು ಎಡ ಹೆಗಲ ಮೇಲೆ ಸೆರಗು ಸರಿಮಾಡಿಕೊಂಡಳು.

“ಮಧ್ಯಾಹ್ನ ಹೋಗಿ ಅವನ ಗೋರಿ ಮ್ಯಾಲ ನಾಕು ಕಲ್ಲು ಇಟ್ಟು ಬಾ. ನಾಯಿ ಕೆದರಾಕತ್ತಾವ. ಪುಸ್ತಕ ಒಯ್ಯಬ್ಯಾಡ.”

ಊಟದ ಹೊತ್ತು ಮುಗಿದ ಮೇಲೆ ಅವನು ಹೊಳೆ ದಾಟಿದ. ಹನೋಕಪ್ಪಜ್ಜನೂ ಬಂದ. ನೀರಿನ ಅಂಚಿನಿಂದ ನತಾನಿಯೇಲ ಕಲ್ಲು ಹೊತ್ತು ತಂದ, ಅಜ್ಜ ಒಂದೊಂದನ್ನೇ ಹೊಂದಿಸಿ ಇಟ್ಟ. ಬಿಸಿಲು ಕಾಯುತ್ತಿತ್ತು.

ಊರಿನ ಕಡೆಯ ದಡದಿಂದ ಸಂಜೆಯ ಪ್ರಾರ್ಥನೆಯ ಗಂಟೆ ಕೇಳಿಸಿತು. ನತಾನಿಯೇಲ ಹೊತ್ತಿದ್ದ ಕಲ್ಲನ್ನು ನೆಲಕ್ಕೆ ಬಿಟ್ಟ.

“ರಾಹೇಲವ್ವಗ ಹೇಳೂದು ಹೇಳಿದೆ. ಮಾಡೂದು ಮಾಡಿದೆ. ಇನ್ನ ಆ ಚರ್ಚಿನಾಗ ನನಗೇನ್ರಿ ಉಳದೈತಿ? ಹೆಸರಿಲ್ಲ. ರೊಟ್ಟಿ ಇಲ್ಲ. ನಮ್ಮವ್ವ ಮಂದಿ ಮುಂದ ಅತ್ಲು. ನಾಳೆ ಶೆಡ್ಡಿಗೆ ಬೋರ್ಡ್ ಹಾಕ್ತೀನಿ.”

ಅಜ್ಜ ಮತ್ತೊಂದು ಕಲ್ಲನ್ನು ಹೊಂದಿಸಿದ.

“ಈ ಸಲ ಯಾರನ್ನೂ ಹೊರಗ ಇಡೂದಿಲ್ರಿ. ನರಕ ನಂಬಾವರನ್ನೂ ಒಳಗ ಕರೀತೀನಿ. ದೀಕ್ಷೆ ಇಲ್ಲದವರನ್ನೂ ಕರೀತೀನಿ. ಮನಶ್ಶೆಪ್ಪ ಬಂದ್ರ ಅವನನ್ನೂ ಕರೀತೀನಿ. ಅಯ್ನೋರು ಒಬ್ಬರನ್ನ ಬಿಟ್ಟು.”

ಅವನು ಚರ್ಚಿನ ಕಡೆ ಬೆರಳು ಮಾಡಿದ.

“ಆ ಮನುಷ್ಯಾನ ಮಾರಿ ನಾ ಸಾಯೂತನಕ ನೋಡೂದಿಲ್ಲ.”

ಅಜ್ಜ ಬಗ್ಗಿ, ಅವನು ಬಿಟ್ಟ ಕಲ್ಲನ್ನು ಎತ್ತಿ ಗೋರಿಯ ಮೇಲೆ ಇಟ್ಟ. ಕೈಯ ಮಣ್ಣು ಕೊಡವಿಕೊಂಡ.

“ಸತ್ತ ಮ್ಯಾಲ ಏನು ಮಾಡ್ತಿ?”